ಹೊಟ್ಟೆಗೆ ಹಾಕಿದ ಕತ್ತರಿ, ಒಳಗೆ ಆರಿದ ಕಿಚ್ಚು

ದಪ್ಪಗಿರುವವರನ್ನು ಕಂಡರೆ ನಮ್ಮ ಸಮಾಜ ಎರಡು ಉಪದೇಶಗಳನ್ನು ಪುಕ್ಕಟೆಯಾಗಿ ಕೊಡುತ್ತದೆ: ಕಡಿಮೆ ತಿನ್ನಿ, ಹೆಚ್ಚು ನಡೆಯಿರಿ. ಉಪದೇಶದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬೊಜ್ಜು ಎಂದರೆ ನಾಲಗೆಯ ಚಪಲ, ಮನಸ್ಸಿನ ದೌರ್ಬಲ್ಯ ಎಂಬ ತೀರ್ಪು ಅದರ ಹಿಂದೆ ಅಡಗಿರುತ್ತದೆ. ಈ ತೀರ್ಪು ಎಷ್ಟು ಅವಸರದ್ದು ಎಂಬುದನ್ನು ತಿಳಿಯಲು ಶಸ್ತ್ರಚಿಕಿತ್ಸೆಯ ಕಳೆದ ಎಪ್ಪತ್ತು ವರ್ಷಗಳ ಚರಿತ್ರೆಯತ್ತ ನಾವೊಮ್ಮೆ ಕಣ್ಣು ಹಾಯಿಸಬೇಕು.

ಸಣ್ಣ ಕರುಳಿನ ಯಾವ ಭಾಗ ಏನನ್ನು ಹೀರುತ್ತದೆ ಎಂಬ ಬಗ್ಗೆ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗರು ಅಮೆರಿಕದ ಮಿನ್ನೆಸೋಟದಲ್ಲಿ ನಡೆಸಿದ ಅಧ್ಯಯನ 1954ರಲ್ಲಿ ಪ್ರಕಟವಾಯಿತು. ಆಹಾರವು ಕರುಳಿನ ಬಹುಭಾಗವನ್ನು ಮುಟ್ಟದೆ ಸಾಗುವಂತೆ ಮಾಡುವ ಶಸ್ತ್ರಚಿಕಿತ್ಸೆಗಳು ಅಲ್ಲಿಂದ ಬೆಳೆದವು. ತೂಕವೇನೋ ಇಳಿಯಿತು. ಆದರೆ ಭೇದಿ, ಮೂತ್ರಪಿಂಡದ ಕಲ್ಲು, ಕೀಲುಗಳ ಉರಿಯೂತ, ಕೆಲವರಲ್ಲಿ ಯಕೃತ್ತಿನ ವೈಫಲ್ಯ ಬೆನ್ನಟ್ಟಿ ಬಂದವು. ಕೊನೆಗೆ ವೈದ್ಯರು ಆ ಮಾರ್ಗವನ್ನೇ ಕೈಬಿಟ್ಟರು. ತೂಕ ಇಳಿದ ಮಾತ್ರಕ್ಕೆ ಆರೋಗ್ಯ ಬಂದಂತಲ್ಲ ಎಂಬುದು ಅಲ್ಲಿ ಸಿಕ್ಕ ಮೊದಲ ಪಾಠ.

ಹುಣ್ಣಿನ ಕಾರಣಕ್ಕೆ ಜಠರದ ಒಂದು ಭಾಗ ಕಳೆದುಕೊಂಡ ಮಹಿಳೆಯರು ಮತ್ತೆ ತೂಕ ಪಡೆಯಲು ಕಷ್ಟಪಡುವುದನ್ನು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಗಮನಿಸಿದ್ದರು. 1966ರಲ್ಲಿ ಅವರು ಜಠರ ಬೈಪಾಸ್‌ಗೆ ನಾಂದಿ ಹಾಡಿದರು. ಈ ವಿಧಾನ ಸುಧಾರಿಸುತ್ತ ಹೋದಂತೆ ಒಂದು ಅಚ್ಚರಿ ಎದುರಾಯಿತು. ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ 1995ರಲ್ಲಿ ತಮ್ಮ ತಂಡದ ಫಲಿತಾಂಶ ಮುಂದಿಟ್ಟರು: ಸಕ್ಕರೆ ಕಾಯಿಲೆಯಿದ್ದ ಸುಮಾರು ನೂರರಲ್ಲಿ 83 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಅದೂ ಮೈ ಕರಗುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯತೊಡಗಿತ್ತು!

ಇನ್ನೊಂದು ಕಡೆ, ಕೊಬ್ಬು ಬರೀ ಮೂಟೆಯಲ್ಲ ಎಂಬ ಅರಿವು ಬೆಳೆಯುತ್ತಿತ್ತು. ಬೊಜ್ಜಿರುವ ಇಲಿಗಳ ಕೊಬ್ಬು ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಸಂದೇಶವಾಹಕವನ್ನು ತಯಾರಿಸುತ್ತದೆ, ಅದು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುತ್ತದೆ ಎಂದು ಹೋತಮಿಸ್ಲಿಗಿಲ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ಉಬ್ಬಿದ ಕೊಬ್ಬಿನೊಳಗೆ ದೇಹದ ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳು ಬಂದು ಬೀಡುಬಿಡುತ್ತವೆ ಎಂಬುದು 2003ರಲ್ಲಿ ಬೆಳಕಿಗೆ ಬಂತು. ಜ್ವರವಿಲ್ಲ, ನೋವಿಲ್ಲ, ಬೂದಿ ಮುಚ್ಚಿದ ಕೆಂಡದಂತಹ ಉರಿ.

ಹಾಗಾದರೆ ಕೊಬ್ಬನ್ನು ಹೀರಿ ತೆಗೆದರೆ ಸಾಲದೇ? 2004ರಲ್ಲಿ ಸ್ಯಾಮುಯೆಲ್ ಕ್ಲೈನ್ ತಂಡ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಸರಾಸರಿ 10 ಕಿಲೋದಷ್ಟು ಕೊಬ್ಬನ್ನು ಹೀರಿ ತೆಗೆದು ಪರೀಕ್ಷಿಸಿತು. ಇನ್ಸುಲಿನ್‌ನ ಪರಿಣಾಮವೂ ಸುಧಾರಿಸಲಿಲ್ಲ, ಉರಿಯೂತದ ಸೂಚಕಗಳೂ ಇಳಿಯಲಿಲ್ಲ. ಆದರೆ ಜಠರದ ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಲ್ಲಿ ಕೊಬ್ಬಿನೊಳಗಿನ ಮ್ಯಾಕ್ರೊಫೇಜ್‌ಗಳು ಕಡಿಮೆಯಾಗಿದ್ದನ್ನು ಪ್ಯಾರಿಸ್‌ನ ಸಂಶೋಧಕರು 2005ರಲ್ಲಿ ವರದಿ ಮಾಡಿದರು. ಕೊಬ್ಬನ್ನು ಹೊರಗೆ ಎಸೆಯುವುದು ಬೇರೆ, ದೇಹವೇ ಅದನ್ನು ಕರಗಿಸಿಕೊಳ್ಳುವುದು ಬೇರೆ.

ಇಲ್ಲಿ ಎರಡು ಗಡಿಯಾರಗಳು ಓಡುತ್ತವೆ ಎನ್ನಬಹುದು. ಮೊದಲನೆಯದು ದಿನಗಳದ್ದು: ಊಟ ಕಡಿಮೆಯಾಗಿ ಯಕೃತ್ತು ಹಗುರಾಗುತ್ತದೆ, ಆಹಾರ ಬೇಗನೆ ಕೆಳಗರುಳನ್ನು ತಲುಪುವುದರಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚಾಗಿ ಹಸಿವು ತಗ್ಗುತ್ತದೆ, ಇನ್ಸುಲಿನ್ ಚುರುಕಾಗುತ್ತದೆ. ಎರಡನೆಯದು ತಿಂಗಳುಗಳದ್ದು: ಕೊಬ್ಬಿನ ಕೋಶಗಳು ಕುಗ್ಗಿದಂತೆ ರಕ್ತದ ಸಿ-ರಿಯಾಕ್ಟಿವ್ ಪ್ರೋಟೀನ್ ಇಳಿದು ಒಳಗಿನ ಉರಿ ಆರತೊಡಗುತ್ತದೆ.

ಇದನ್ನು ಪವಾಡವೆಂದು ಮಾರುವವರ ಬಗ್ಗೆಯೂ ನಾವು ಎಚ್ಚರದಿಂದಿರಬೇಕು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಎರಡು ವರ್ಷಕ್ಕೆ ನೂರರಲ್ಲಿ 72 ಮಧುಮೇಹಿಗಳು ಕಾಯಿಲೆಯಿಂದ ಬಿಡುಗಡೆ ಪಡೆದಿದ್ದರು. ಹತ್ತು ವರ್ಷಕ್ಕೆ ಆ ಸಂಖ್ಯೆ 36ಕ್ಕೆ ಇಳಿಯಿತು. ಆದರೂ ಅಲ್ಲಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು ಎಂಬುದು 2007ರಲ್ಲಿ ಸ್ಪಷ್ಟವಾಯಿತು. ಕಬ್ಬಿಣಾಂಶ, ಬಿ-12ರ ಕೊರತೆಯನ್ನು ಜೀವನಪರ್ಯಂತ ಕಾಯಬೇಕಾದ ಹೊಣೆಯಂತೂ ಇದ್ದೇ ಇದೆ.

ಈ ಚರಿತ್ರೆ ನಮಗೂ ಸಂಬಂಧಿಸಿದ್ದು. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ಇಬ್ಬರ ದೇಹತೂಕ ಸೂಚ್ಯಂಕವೂ 22.3 ಇದ್ದು, ಯುಡ್ಕಿನ್‌ರ ಮೈಕೊಬ್ಬು ಶೇಕಡಾ 9.1, ಯಾಜ್ಞಿಕರದ್ದು 21.2 ಎಂದು ಅವರೇ 2004ರಲ್ಲಿ ಪ್ರಕಟಿಸಿದ್ದರು. ತೆಳ್ಳಗೆ ಕಾಣುವ ಭಾರತೀಯನ ಒಳಗೂ ಕೊಬ್ಬು ಅಡಗಿರಬಹುದು. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯ ಆಯ್ಕೆ ನೀಡಬಹುದೆಂದು ಹೇಳಿತು.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ, ಎಲ್ಲರ ಕೈಗೂ ಎಟುಕುವುದಿಲ್ಲ. ಆದರೆ ಅದು ಕಲಿಸಿದ ವಿಷಯ ಎಲ್ಲರಿಗೂ ಬೇಕು. ಕರುಳಿನ ದಾರಿ ಬದಲಾದರೆ ಹಸಿವೇ ಬದಲಾಗುವುದಾದರೆ, ಹಸಿವನ್ನು ಬರೀ ಸ್ವಭಾವದ ದೋಷವೆಂದು ಹೇಗೆ ಕರೆಯುವುದು? ಮದುವೆ ಮನೆಯಲ್ಲಿ, ತರಗತಿಯಲ್ಲಿ, ಬಸ್ಸಿನಲ್ಲಿ ದಪ್ಪ ಮೈಯನ್ನು ನೋಡಿ ನಗುವವರು ಈ ಪ್ರಶ್ನೆಗೆ ಉತ್ತರಿಸಬೇಕಾಗಿದೆ.