ದೇಹದ ಗಡಿಯಾರ

ಹಿಂದೆ ಹಡಗಿನಲ್ಲಿ ವಿಲಾಯತಿಗೆ ಹೊರಟವರು ದಿನದಿನವೂ ಗಡಿಯಾರವನ್ನು ಅಷ್ಟಿಷ್ಟು ತಿರುಗಿಸುತ್ತಿದ್ದರು. ನಿದ್ರೆಯೂ ಅದರೊಡನೆ ಹೊಂದಿಕೊಳ್ಳುತ್ತಿತ್ತು. 1936ರಲ್ಲಿ ಆಕ್ಸ್‌ಫರ್ಡಿಗೆ ಹೋದ ವಿ. ಕೃ. ಗೋಕಾಕರ ಕಾಲದ ಪಯಣ ಅಂಥದು.

ಜೋಯಾ ಅಗರ್ವಾಲರ ನೇತೃತ್ವದಲ್ಲಿ ಸ್ತ್ರೀಯರೇ ನಡೆಸಿದ ಏರ್ ಇಂಡಿಯಾ ವಿಮಾನವು 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರಧ್ರುವದ ಮೇಲೆ ಹಾರಿ, 11ರ ನಸುಕಿಗೆ ಬೆಂಗಳೂರಿಗಿಳಿಯಿತು. ಪಯಣ ಸುಮಾರು 17 ಗಂಟೆ. ಗಡಿಯಾರ ಮುಂದೆ ಹಾರಿದ್ದು ಹದಿಮೂರೂವರೆ ಗಂಟೆ.

ಅದೇ ಊರಿನಿಂದ ನನ್ನ ತಂಗಿ ಕಾಮಾಕ್ಷಿಪಾಳ್ಯದ ಮನೆಗೆ ಹತ್ತು ದಿನದ ರಜೆಯಲ್ಲಿ ಬಂದಳು. ದೇಹವಾದರೋ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಅಮ್ಮ ಎದ್ದಿರುವಾಗ ಇವಳಿಗೆ ನಿದ್ದೆ. ಬೆಳಗಿನ ಬಿಸಿಲಲ್ಲಿ ಅಡ್ಡಾಡಿಸಿದೆ, ಗುಣ ನಿಧಾನ. ಐದನೆಯ ನಡುರಾತ್ರಿ ಅಡಿಗೆಮನೆಯಲ್ಲಿ ದೀಪ ಕಂಡೆ. ಅಮ್ಮ ಕಾಫಿಗಿಟ್ಟಿದ್ದಳು. “ಅವಳಿಗೆ ಈಗ ತಾನೇ ಬೆಳಗಾಗಿದೆ, ನೀನು ಮಲಗಪ್ಪ” ಎಂದಳು.