ಬರೆಯದೆ ಉಳಿದ ಲೆಕ್ಕ

ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಯ ಮೇಲೊಂದು ಪರ್ಶಿಯನ್ ಶಾಸನವಿದೆ. ಆ ಕಟ್ಟಡವನ್ನು ಮುಂದೆ ನಿಂತು ಮುಗಿಸಿದವನು ಮಲಿಕ್ ಸಂದಲ್ ಎಂದು ಅದು ಹೇಳುತ್ತದೆ. ಒಂದೂವರೆ ಲಕ್ಷ ಹೊನ್ನಿಗೂ ಮೀರಿದ ಖರ್ಚಿನ ಲೆಕ್ಕವೂ ಅಲ್ಲಿದೆ. ಹದಿನೇಳನೆಯ ಶತಮಾನದ ಆ ಲೆಕ್ಕ ಇಂದಿಗೂ ಅಳಿಸಿಲ್ಲ, ಏಕೆಂದರೆ ಅದನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಆದರೆ ಅದೇ ಕಟ್ಟಡಕ್ಕೆ ಸುಣ್ಣ ಅರೆದವರು ಯಾರು, ಕಲ್ಲು ಹೊತ್ತವರು ಯಾರು, ಅವರಿಗೆ ದಿನಕ್ಕೆ ಎಷ್ಟು ಕೂಲಿ ಸಿಕ್ಕಿತು ಎಂದು ಕೇಳಿದರೆ ಆ ಶಾಸನ ಮೌನ ವಹಿಸುತ್ತದೆ. ಸುಲ್ತಾನ ಮುಹಮ್ಮದ್ ಆದಿಲ್ ಷಾಹ ಮಲಗಿರುವ ಗೋಲ್ ಗುಂಬಜಿನ ಮುಂದೆ ನಿಂತು ಕೇಳಿದರೂ ಅಷ್ಟೇ.

ಕಟ್ಟಡಗಳ ಚರಿತ್ರೆಯೆಂದರೆ ನಮ್ಮಲ್ಲಿ ಅರಮನೆ, ಕೋಟೆ, ಗುಡಿ, ಗುಂಬಜುಗಳ ಚರಿತ್ರೆ. ನಮ್ಮ ನಿಮ್ಮ ಗಲ್ಲಿಗಳಲ್ಲಿ ಎಂಟು ಚದರ, ಹತ್ತು ಚದರದ ಮನೆ ಕಟ್ಟಿಕೊಟ್ಟವರಿಗೆ ಅದರಲ್ಲಿ ಜಾಗವಿಲ್ಲ. ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ಆರೇಳು ಆಳುಗಳು, ಒಂದು ಸೈಕಲ್ಲು ಅಥವಾ ಹಳೆಯ ಮೋಟಾರು ಬೈಕು, ಜೇಬಿನಲ್ಲೊಂದು ಚಿಕ್ಕ ಪುಸ್ತಕ. ಇಷ್ಟೇ ಬಂಡವಾಳದಲ್ಲಿ ನಾಡಿನ ಬಹುಪಾಲು ಜನರ ತಲೆಯ ಮೇಲೆ ಸೂರು ನಿಂತಿದೆ. ಈ ಚಿಕ್ಕ ಕಸುಬಿನ ಕಥೆಯನ್ನು ಕೇಳುವ ಹೊತ್ತು ಬಂದಿದೆ ಎಂದು ನಾವು ತಿಳಿಯುತ್ತೇವೆ.

ಈ ಕಸುಬನ್ನು ಗಂಭೀರವಾಗಿ ಪರಿಗಣಿಸಿದ ಹಿರಿಯರು ಇಲ್ಲದಿಲ್ಲ. 1377ರಲ್ಲಿ ತನ್ನ ‘ಮುಖದ್ದಿಮಾ’ವನ್ನು ಬರೆದ ಇಬ್ನ್ ಖಲ್ದೂನ್, ನಾಗರಿಕ ಬದುಕಿನ ಕಸುಬುಗಳನ್ನು ಎಣಿಸುವಾಗ ಮನೆ ಕಟ್ಟುವ ಕಸುಬನ್ನು ಮೊತ್ತಮೊದಲನೆಯದು, ಅತಿ ಹಳೆಯದು ಎಂದು ಕರೆದ. ಹಲಗೆಗಳ ನಡುವೆ ಮಣ್ಣು ಸುಣ್ಣ ತುಂಬಿ ಕುಟ್ಟಿ ಗೋಡೆ ಎಬ್ಬಿಸುವ ಬಗೆಯನ್ನು ವಿವರವಾಗಿ ಬರೆದ. ಅಷ್ಟೇ ಅಲ್ಲ, ನಗರಗಳಲ್ಲಿ ಜನ ಗಾಳಿಗೂ ಜಾಗಕ್ಕೂ ಜಗಳವಾಡುವಾಗ, ನಡುಗೋಡೆ ಯಾರದ್ದು, ಬಚ್ಚಲ ನೀರು ಎಲ್ಲಿ ಹರಿಯಬೇಕು ಎಂಬ ತಕರಾರು ಎದ್ದಾಗ, ಅಧಿಕಾರಿಗಳು ಕಟ್ಟಡದ ಕೆಲಸ ಬಲ್ಲವರ ಅಭಿಪ್ರಾಯವನ್ನೇ ಕೇಳುತ್ತಾರೆ ಎಂದೂ ಹೇಳಿದ. ಇಂದಿಗೂ ನಮ್ಮ ಮೊಹಲ್ಲಾಗಳಲ್ಲಿ ಅಣ್ಣತಮ್ಮಂದಿರು ಮನೆ ಪಾಲು ಮಾಡುವಾಗ ವಕೀಲರಿಗಿಂತ ಮೊದಲು ಬರುವವನು ಟೇಪು ಹಿಡಿದ ಮೇಸ್ತ್ರಿಯೇ.

ಸಿಮೆಂಟು ಬರುವ ಮೊದಲು ಈ ಕಸುಬಿನ ನಡಿಗೆಯೇ ಬೇರೆಯಾಗಿತ್ತು. ಬಡವರ ಮನೆಗೆ ಮಣ್ಣು, ಇದ್ದವರ ಮನೆಗೆ ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವುದೂ ಉಂಟು. ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ಕೆಲಸವೂ ನಿಧಾನ. ಪಾಯ ತೋಡುವುದಕ್ಕೂ ಕಲ್ಲು ಒಡೆಯುವುದಕ್ಕೂ ಭೋವಿ ಸಮುದಾಯದವರು, ಮರದ ಕೆಲಸಕ್ಕೆ ಬಡಗಿಗಳು, ಗಾರೆಗೆ ಬೇರೆಯವರು. ಸಾಮಾನು ಒದಗಿಸುವವನು ಮನೆಯ ಯಜಮಾನ, ಕೂಲಿ ದಿನಕ್ಕಿಷ್ಟು. ಮೇಸ್ತ್ರಿ ಆಗ ಕೆಲಸಗಾರರಲ್ಲಿ ಹಿರಿಯನೇ ಹೊರತು ಗುತ್ತಿಗೆದಾರನಲ್ಲ.

ಮೊದಲ ದೊಡ್ಡ ಬದಲಾವಣೆ ಕರಾವಳಿಯಿಂದ ಬಂತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ಆರಂಭಿಸಿದರು. ಅಲ್ಲಿಯವರೆಗೆ ಸಾಮಾನ್ಯರ ಮನೆಯ ಮಾಡು ಮುಳಿಹುಲ್ಲಿನದು. ಬೆಂಕಿಯ ಭಯ, ವರ್ಷವರ್ಷವೂ ಹೊದೆಸುವ ಖರ್ಚು. ಅಚ್ಚಿನಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಅದಕ್ಕೊಂದು ಪರಿಹಾರವಾಯಿತು. ಎಲ್ಲ ಹೆಂಚೂ ಒಂದೇ ಅಳತೆಯಾದ್ದರಿಂದ ಮನೆಗೆ ಎಷ್ಟು ಹೆಂಚು ಬೇಕು, ಎಷ್ಟು ರೀಪು ಬೇಕು ಎಂದು ಕೆಲಸ ಶುರುವಾಗುವ ಮೊದಲೇ ಹೇಳುವುದು ಸಾಧ್ಯವಾಯಿತು. ಚಿಕ್ಕ ಮನೆಗೂ ಒಂದು ಅಂದಾಜುಪಟ್ಟಿ ಹುಟ್ಟಿತು.

ಎರಡನೆಯ ಬದಲಾವಣೆ ಸಿಮೆಂಟಿನದು. ಇದು ಸುಣ್ಣದಂತೆ ಕಾಯುವುದಿಲ್ಲ. ಕಲಸಿದ ಮೇಲೆ ಗಂಟೆಯೊಳಗೆ ಬಳಸಿ ಮುಗಿಸಬೇಕು. ಕಬ್ಬಿಣ ಕಟ್ಟಿ, ಸೆಂಟ್ರಿಂಗ್ ಹಲಗೆ ಹೊಡೆದು, ಬೆಳಗಿನಿಂದ ಸಂಜೆಯೊಳಗೆ ಇಡೀ ಮನೆಯ ಮೋಲ್ಡು ಹಾಕಿ ಮುಗಿಸುವ ಕೆಲಸ ಬಂತು. ಆದರೆ ಬಹುಕಾಲ ಸಿಮೆಂಟು ಸುಲಭವಾಗಿ ಸಿಗುತ್ತಿರಲಿಲ್ಲ. ಬೆಲೆಯೂ ಹಂಚಿಕೆಯೂ ಸರಕಾರದ ಹಿಡಿತದಲ್ಲಿದ್ದವು. ಮನೆ ಕಟ್ಟುವವನು ಅರ್ಜಿ ಹಾಕಿ, ಪರ್ಮಿಟ್ಟಿಗಾಗಿ ಕಾಯಬೇಕಿತ್ತು. ನಲವತ್ತು ಐವತ್ತು ದಾಟಿದ ನಮ್ಮ ಓದುಗರಿಗೆ ಆ ದಿನಗಳ ನೆನಪಿರಬಹುದು. 1982ರಲ್ಲಿ ಈ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ತಿಯಾಗಿ ಹೋಯಿತು. ಊರೂರಿನ ಅಂಗಡಿಗಳಲ್ಲಿ ಐವತ್ತು ಕಿಲೋ ಚೀಲಗಳು ಪೇರಿಸಿ ನಿಂತವು. ಸಾಮಾನು ಕೈಗೆ ಸಿಗುವಂತಾದ ಮೇಲೆ ಮೇಸ್ತ್ರಿಗೂ ಧೈರ್ಯ ಬಂತು. ದಿನಗೂಲಿಯ ಬದಲು ಚದರಕ್ಕಿಷ್ಟು ಎಂದು ಮಾತಾಡುವ ಗುತ್ತಿಗೆದಾರನಾಗಿ ಅವನು ಬೆಳೆದ.

ಈ ಕಸುಬಿನ ಮಾತುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಮೇಸ್ತ್ರಿ ಎಂಬ ಪದ ಪೋರ್ಚುಗೀಸರ ಮೂಲಕ ಬಂದದ್ದು. ನಕ್ಷೆ ಅರಬಿಯಿಂದ, ಬುನಾದಿ, ಕಮಾನು, ಗಜಗಳು ಪಾರಸಿಯಿಂದ, ಇಟ್ಟಿಗೆ, ಸುಣ್ಣಗಳು ಸಂಸ್ಕೃತದ ಬೇರಿನಿಂದ, ಲಿಂಟೆಲ್ಲು, ಸಿಮೆಂಟು ಇಂಗ್ಲಿಷಿನಿಂದ. ಕಲ್ಲು, ಮಣ್ಣು, ಮರಳು, ಮೊಳಗಳಂತೂ ಅಚ್ಚ ಕನ್ನಡ. ಉರ್ದುವನ್ನೂ ಕನ್ನಡವನ್ನೂ ಒಟ್ಟಿಗೆ ಕಲಿತ ನಮ್ಮಂಥವರಿಗೆ ಈ ಮಾತು ಕೇಳುವಾಗ ಇದು ಯಾರ ಭಾಷೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೆಲಸವೂ ಹಾಗೆಯೇ. ಹಿಂದೂ ಯಜಮಾನನ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚುವಾಗ ಸಾಬರ ಮೇಸ್ತ್ರಿ ತೂಗುಗುಂಡು ಹಿಡಿದು ಪಕ್ಕದಲ್ಲಿರುತ್ತಾನೆ. ಮುಸ್ಲಿಮರ ಮನೆಯ ಫಾತಿಹಾದ ದಿನ ಭೋವಿ ಕೆಲಸಗಾರನ ಮಕ್ಕಳೂ ಸಿಹಿ ತಿನ್ನುತ್ತಾರೆ. ಒಬ್ಬರ ಮನೆಯಲ್ಲಿ ವಾಸ್ತು ನೋಡಿ ಅಡಿಗೆಮನೆ ತಿರುಗಿಸಬೇಕು, ಇನ್ನೊಬ್ಬರ ಮನೆಯಲ್ಲಿ ಕಿಬ್ಲಾ ನೋಡಿ ಶೌಚಾಲಯ ತಿರುಗಿಸಬೇಕು. ಮೇಸ್ತ್ರಿಗೆ ಎರಡೂ ಗೊತ್ತು.

ಇನ್ನು ಇದರ ಹಣಕಾಸಿನ ಬಗೆಯನ್ನು ನೋಡೋಣ. ನೂರು ಚದರಡಿಗೆ ಒಂದು ಚದರ. ಬರೀ ಕೂಲಿಯ ಗುತ್ತಿಗೆ ಒಂದು ಬಗೆ, ಸಾಮಾನು ಸಹಿತ ಗುತ್ತಿಗೆ ಇನ್ನೊಂದು. ಮುಂಗಡವೆಂದು ಸ್ವಲ್ಪ ಹಣ, ಪಾಯ ಮುಗಿದಾಗ ಒಂದು ಕಂತು, ಲಿಂಟೆಲ್ಲಿಗೆ ಒಂದು, ಮೋಲ್ಡಿಗೆ ಒಂದು, ಪ್ಲಾಸ್ಟರಿಗೆ ಒಂದು. ಕೊನೆಯ ಕಂತು ಮಾತ್ರ ಯಜಮಾನನ ಬಳಿಯೇ ಉಳಿಯುತ್ತದೆ. ಆದರೆ ವಾರದ ಬಟವಾಡೆ ಕಂತಿಗಾಗಿ ಕಾಯುವುದಿಲ್ಲ. ಸಂತೆಗೆ ಹೊರಟ ಆಳುಗಳ ಮುಂದೆ ಮೇಸ್ತ್ರಿ ಬರಿಗೈಯಲ್ಲಿ ನಿಲ್ಲುವಂತಿಲ್ಲ. ಹೀಗಾಗಿ ಎರಡನೆಯ ಮನೆಯ ಮುಂಗಡದಿಂದ ಮೊದಲನೆಯ ಮನೆಯ ಬಟವಾಡೆ, ಮೂರನೆಯದರಿಂದ ಎರಡನೆಯದರ ಸಾಮಾನು. ಮಧ್ಯೆ ಒಂದು ಮಳೆಗಾಲ ಹೆಚ್ಚು ಹಿಡಿದರೆ, ಮರಳಿನ ಲಾರಿ ನಿಂತರೆ, 2016ರ ನವೆಂಬರಿನಂತೆ ನೋಟುಗಳೇ ರದ್ದಾದರೆ, ಈ ಸರಪಳಿ ಒಂದೇ ಏಟಿಗೆ ತುಂಡಾಗುತ್ತದೆ. ಮನೆ ಅರ್ಧಕ್ಕೆ ನಿಂತಾಗ ಯಜಮಾನ, ಮೇಸ್ತ್ರಿ ಮೋಸ ಮಾಡಿದನೆನ್ನುತ್ತಾನೆ. ಮೇಸ್ತ್ರಿ, ಯಜಮಾನ ಹಣ ಕೊಡಲಿಲ್ಲವೆನ್ನುತ್ತಾನೆ. ಎಷ್ಟೋ ಸಲ ಇಬ್ಬರ ಮಾತೂ ಅರ್ಧ ನಿಜ.

ಜಗಳದ ಬೇರು ಹೆಚ್ಚಾಗಿ ‘ಹೆಚ್ಚುವರಿ ಕೆಲಸ’ದಲ್ಲಿರುತ್ತದೆ. ಇಲ್ಲೊಂದು ಸಜ್ಜಾ ಇರಲಿ, ಅಲ್ಲೊಂದು ಗೂಡು ಇರಲಿ, ಮೆಟ್ಟಿಲು ಆ ಕಡೆಗೆ ತಿರುಗಲಿ ಎಂದು ಮನೆಯವರು ಹೇಳುತ್ತಾರೆ. ‘ಆಯ್ತು ಸಾಹೇಬ್ರೆ, ಆಮೇಲೆ ನೋಡೋಣ’ ಎಂದು ಮೇಸ್ತ್ರಿ ಒಪ್ಪುತ್ತಾನೆ. ಆ ‘ಆಮೇಲೆ’ ಬಂದಾಗ ಯಾರು ಏನು ಹೇಳಿದರೆಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಬ್ಯಾಂಕಿನ ಸಾಲದ ಮನೆಗಾದರೆ ಕಾಗದಪತ್ರವೆಂಬುದು ಒಂದಿಷ್ಟಾದರೂ ಇರುತ್ತದೆ, ಹಂತಹಂತವಾಗಿ ನೋಡಿ ಹಣ ಬಿಡುಗಡೆಯಾಗುತ್ತದೆ. ಬಡ್ಡಿಯಿಂದ ದೂರವಿರಬೇಕೆಂದು ಕೊಲ್ಲಿಯ ದುಡಿಮೆಯಲ್ಲಿ, ಬೀಸಿ ಚೀಟಿಯಲ್ಲಿ, ಬಂಧುಗಳ ಕೈಗಡದಲ್ಲಿ ಕೋಣೆಗೊಂದು ಕೋಣೆ ಸೇರಿಸುತ್ತ ಮನೆ ಕಟ್ಟುವ ನಮ್ಮ ಸಮುದಾಯದಲ್ಲಿ ಎಲ್ಲವೂ ಬಾಯಿಮಾತು. ತಾರಸಿಯ ಮೇಲೆ ಚಾಚಿ ನಿಂತ ಕಬ್ಬಿಣದ ಸರಳುಗಳು ಮುಂದೊಂದು ದಿನ ಮೇಲೊಂದು ಮಹಡಿ ಏಳುತ್ತದೆಂಬ ಆಸೆಯ ಗುರುತು. ಆ ಆಸೆಗೆ ಬರವಣಿಗೆಯ ಆಧಾರ ಮಾತ್ರ ಇಲ್ಲ.

ಇದು ವಿಚಿತ್ರವೇ ಸರಿ. ಕುರ್‌ಆನಿನ ಅತ್ಯಂತ ದೀರ್ಘವಾದ ವಚನ, ಅಲ್ ಬಕರ ಅಧ್ಯಾಯದ 282ನೆಯದು, ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಸಾಕ್ಷಿಗಳಿರಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದು ಎಂಬುದು ಅದರ ತಾತ್ಪರ್ಯ. ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿಯವರ (ಸ) ಬೋಧನೆ ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳಿಬರುತ್ತದೆ. ಬರೆದಿಡಿ ಎಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ‘ನಮ್ಮವರ ನಡುವೆ ಕಾಗದ ಯಾಕೆ?’ ಎಂದು ಕೇಳುವುದೇ ನಂಬಿಕೆಯ ಲಕ್ಷಣವೆಂದುಕೊಂಡಿದ್ದೇವೆ. ಬರೆದಿಟ್ಟದ್ದೇ ನಂಬಿಕೆಯನ್ನು ಕಾಯುತ್ತದೆ ಎಂಬುದನ್ನು ಮರೆತಿದ್ದೇವೆ.

ಬರೆಯದಿದ್ದರೆ ಆಗುವ ನಷ್ಟ ಯಜಮಾನ ಮೇಸ್ತ್ರಿಯರ ಜಗಳಕ್ಕೆ ಮುಗಿಯುವುದಿಲ್ಲ. 1996ರಲ್ಲಿ ಸಂಸತ್ತು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯನ್ನು ತಂದಿತು. ದೊಡ್ಡ ನಿರ್ಮಾಣಗಳಿಂದ ಸೆಸ್ ವಸೂಲಿ ಮಾಡಿ ಕಾರ್ಮಿಕರ ಕಲ್ಯಾಣಕ್ಕೆ ಬಳಸುವುದು ಅದರ ಆಶಯ. ಕರ್ನಾಟಕದಲ್ಲಿ ಇದರ ನಿಯಮಗಳು ಬಂದದ್ದು 2006ರಲ್ಲಿ, ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ. ಒಳ್ಳೆಯ ಕಾನೂನೇ. ಆದರೆ ಹತ್ತಕ್ಕಿಂತ ಕಡಿಮೆ ಆಳುಗಳಿರುವ ಕೆಲಸ ಅದರ ಹೊರಗೆ. ಹತ್ತು ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ಸ್ವಂತ ವಾಸಕ್ಕೆ ಮನೆ ಕಟ್ಟಿಸುವವನೂ ಅದರ ಹೊರಗೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಮಿತಿಯನ್ನು 50 ಲಕ್ಷಕ್ಕೆ ಏರಿಸಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಸಾಮಾನ್ಯನಿಗೆ ಮನೆ ಕಟ್ಟುವುದು ಹೊರೆಯಾಗಬಾರದೆಂಬ ಉದ್ದೇಶ ಇದರ ಹಿಂದಿರಬಹುದು. ಆದರೆ ಫಲವೇನು? ನಮ್ಮ ಗಲ್ಲಿಯ ಮೇಸ್ತ್ರಿ ಮಾಡುವ ಕೆಲಸವನ್ನೇ ಆರಿಸಿ ಹೊರಗಿಟ್ಟಂತಾಯಿತು.

ಕಾರ್ಮಿಕನಾದವನು ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದೃಢೀಕರಣ ತರಬೇಕು. ದೊಡ್ಡ ಕಂಪನಿಯಲ್ಲಿ ಹಾಜರಿ ಪುಸ್ತಕವಿರುತ್ತದೆ. ಇಲ್ಲಿ ಇಂದು ಒಂದು ಮನೆ, ನಾಳೆ ಇನ್ನೊಂದು. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಬಂದವರಿಗೆ, ಬಂಗಾಳ, ಬಿಹಾರದಿಂದ ಬಂದವರಿಗೆ ಯಾರು ಸಹಿ ಹಾಕಬೇಕು? ಬಾಂಡ್ಲಿ ಹೊತ್ತ ಹೆಂಗಸಿನ ಹೆಸರು ಎಷ್ಟೋ ಸಲ ಮೇಸ್ತ್ರಿಗೂ ತಿಳಿದಿರುವುದಿಲ್ಲ. ಅವನ ಪುಸ್ತಕದಲ್ಲಿ ಅವಳು ‘ಹೆಣ್ಣಾಳು 2’. ಇನ್ನೊಂದು ಕಡೆ, ಕರಣೆ ಹಿಡಿಯದವರ ಕೈಗೂ ಕಾರ್ಮಿಕ ಕಾರ್ಡು ಸೇರಿ, ಇಲಾಖೆ ಅಂಥವನ್ನು ರದ್ದು ಮಾಡಿದ್ದೂ ವರದಿಯಾಗಿದೆ.

ಇದರ ಬೆಲೆ ಏನೆಂಬುದು 2020ರಲ್ಲಿ ಕಂಡಿತು. ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕೆಲಸ ನಿಂತಾಗ ರಾಜ್ಯ ಸರಕಾರ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು ಎರಡು ಸಾವಿರ, ಮೇ ತಿಂಗಳಲ್ಲಿ ಮತ್ತೆ ಮೂರು ಸಾವಿರ ರೂಪಾಯಿ ಘೋಷಿಸಿತು. ಹೆಸರು ಬರೆಸಿಕೊಂಡವರಿಗೆ ಅದು ಸಲ್ಲುತ್ತಿತ್ತು. ಬರೆಸದವರೂ ಅದೇ ಇಟ್ಟಿಗೆ ಹೊತ್ತವರು, ಅದೇ ಬಿಸಿಲಿನಲ್ಲಿ ನಿಂತವರು. ಆದರೆ ಸರಕಾರದ ಲೆಕ್ಕದಲ್ಲಿ ಅವರಿರಲಿಲ್ಲ. ಅದೇ ಮೇ ಮೊದಲ ವಾರದಲ್ಲಿ ಮುಖ್ಯಮಂತ್ರಿಗಳು ದೊಡ್ಡ ಬಿಲ್ಡರುಗಳೊಂದಿಗೆ ಸಭೆ ನಡೆಸಿದ ಬೆನ್ನಲ್ಲೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳು ರದ್ದಾದವು. ಟೀಕೆ ಬಂದ ಮೇಲೆ ಮತ್ತೆ ಹೊರಟವು. ಬಿಲ್ಡರುಗಳಿಗೆ ಸಭೆಯಲ್ಲಿ ಕುರ್ಚಿಯಿತ್ತು. ಮೇಸ್ತ್ರಿಗೂ ಅವನ ಆಳಿಗೂ ಇರಲಿಲ್ಲ.

ಕಾನೂನು ಬದಲಾಗಬೇಕೆಂದು ಕೇಳುವುದು ನಮ್ಮ ಹಕ್ಕು, ಕೇಳೋಣ. ಅದಕ್ಕೆ ಮೊದಲು ನಮ್ಮ ಕೈಯಲ್ಲೇ ಇರುವ ಕೆಲಸ ಒಂದಿದೆ. ಮನೆ ಕಟ್ಟಿಸುವವರು ಗುತ್ತಿಗೆಯ ಮಾತನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಹೆಚ್ಚುವರಿ ಕೆಲಸ ಬಂದಾಗ ಅದೇ ಹಾಳೆಯ ಹಿಂದೆ ಒಂದು ಸಾಲು ಸೇರಿಸಲಿ. ಬಟವಾಡೆಯ ದಿನ ಆಳುಗಳ ಹೆಸರು, ಊರು, ದಿನಗಳನ್ನು ಮೇಸ್ತ್ರಿ ಬರೆದಿಡಲಿ, ಯಜಮಾನ ನೋಡಿ ಸಹಿ ಮಾಡಲಿ. 90 ದಿನದ ಕಾಗದ ಹಿಡಿದು ಬಂದವನನ್ನು ನಾಳೆ ಬಾ ಎಂದು ಕಳಿಸದಿರಲಿ. ಮಸೀದಿ, ಮದ್ರಸಾಗಳ ಕಟ್ಟಡ ಕೆಲಸ ವರ್ಷವಿಡೀ ನಡೆಯುವ ನಮ್ಮ ಜಮಾಅತುಗಳು ಇದನ್ನು ಮೊದಲು ಆರಂಭಿಸಿದರೆ ಉಳಿದವರಿಗೆ ದಾರಿ ಕಾಣುತ್ತದೆ. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ನಮಗೆ, ಕಟ್ಟಿದವರ ಹೆಸರನ್ನು ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಡುವುದು ಕಷ್ಟವಾಗಲಾರದು.

ಮುಂದೊಂದು ದಿನ ಯಾರಾದರೂ ಈ ಕಾಲದ ಚರಿತ್ರೆ ಬರೆಯಲು ಕುಳಿತಾಗ, ಅವರಿಗೆ ನಮ್ಮ ಮನೆಗಳ ಗೋಡೆಗಳು ಸಿಗುತ್ತವೆಯೋ ಇಲ್ಲವೋ ಹೇಳಲಾಗದು. ಆ ನೋಟುಬುಕ್ಕುಗಳು ಸಿಕ್ಕರೆ, ಮಲಿಕ್ ಸಂದಲನ ಶಾಸನ ಹೇಳದೆ ಬಿಟ್ಟದ್ದನ್ನು ಅವು ಹೇಳುತ್ತವೆ. ಅದಕ್ಕೂ ಮೊದಲು, ಈ ವಾರವೇ, ಒಬ್ಬ ‘ಹೆಣ್ಣಾಳು 2’ಕ್ಕೆ ಅವಳ ಹೆಸರು ಮರಳಿ ಸಿಗುತ್ತದೆ.