ಅಂಗೈಯ ಮೇಲಿನ ಸೊನ್ನೆ

ಕಳೆದ ಬೇಸಿಗೆಯ ಸೂಟಿಯಲ್ಲಿ ನಾಗನೂರಿಗೆ, ತಂಗಿಯ ಮನೆಗೆ ಹೋಗಿದ್ದೆ. ಊಟವಾಗಿ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ, ಎಂಟನೆಯ ಇಯತ್ತೆ ಮುಗಿಸಿದ ಅವಳ ಮಗಳು ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತದ್ದು ಕಣ್ಣಿಗೆ ಬಿತ್ತು. ಮಾಸ್ತರಿಕೆಯ ಚಟ, ಒಂದು ಮಾತು ಅನ್ನಬೇಕೆಂದು ಎದ್ದು ಹೋದೆ. ನೋಡಿದರೆ ಆಟವಲ್ಲ, ಪರದೆಯ ಮೇಲೊಂದು ತ್ರಿಕೋನ. ಅದರ ಒಂದು ಮೂಲೆಯನ್ನು ಹುಡುಗಿ ಬೆರಳಿನಿಂದ ಅತ್ತಿತ್ತ ಎಳೆಯುತ್ತಿದ್ದಳು. ಎಳೆದಂತೆಲ್ಲ ಮೂರು ಕೋನಗಳ ಅಂಕಿಗಳು ಹಿಗ್ಗುತ್ತ ಕುಗ್ಗುತ್ತ ಇದ್ದವು. ಕೆಳಗೆ ಬರೆದ ಮೊತ್ತ ಮಾತ್ರ ಕದಲದೆ ನಿಂತಿತ್ತು.

“ಹೆಂಗ ಎಳದ್ರೂ ನೂರಾ ಎಂಬತ್ತ ಬರತೈತಿ ನೋಡ್ರಿ ಮಾಮಾ” ಎಂದಳು.

ಅಷ್ಟು ಹೇಳಿ ಒಮ್ಮೆಲೇ ಸುಮ್ಮನಾದಳು. ಬೆರಳು ನಿಂತಿತು, ಕಣ್ಣು ಪರದೆಯ ಮೇಲೆಯೇ ಇತ್ತು. ಆಮೇಲೆ ಮೆಲ್ಲಗೆ ಮೇಲಿನ ಮೂಲೆಯನ್ನು ಕೆಳಗೆಳೆದು ತಳದ ಗೆರೆಗೆ ಕೂಡಿಸಿಬಿಟ್ಟಳು. ತ್ರಿಕೋನ ಮಲಗಿಕೊಂಡಿತು: ಒಂದು ಕೋನ ನೂರಾ ಎಂಬತ್ತು, ಉಳಿದೆರಡು ಸೊನ್ನೆ. “ಮೂಲೀನ ಉಳೀಲಿಲ್ಲ, ಲೆಕ್ಕ ಮಾತ್ರ ಉಳೀತು!” ಎಂದು ನಕ್ಕಳು.

ಆ ಸಲಕರಣೆಯ ಹೆಸರು ಜಿಯೋಜೀಬ್ರಾ. ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗಿನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬುವರು ಈ ಶತಮಾನದ ಆರಂಭದಲ್ಲಿ ಅದನ್ನು ಕಟ್ಟಿದರು. 2011ರಿಂದೀಚೆಗೆ ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳ ಗಣಿತದ ಮಾಸ್ತರರಿಗೂ ಅದರ ಪರಿಚಯ ಮಾಡಿಕೊಟ್ಟಿದ್ದಾರೆ. ಅದು ಪ್ರಶ್ನೆ ಕೇಳುವುದಿಲ್ಲ, ಗುಣ ಕೊಡುವುದಿಲ್ಲ. ಹುಡುಗರು ಎಳೆದಾಡಿ ತಾವೇ ಕಂಡುಕೊಳ್ಳಲೆಂದು ಬಿಟ್ಟುಬಿಡುತ್ತದೆ. ಸರಿ, ಆದರೆ ಕಂಡುಕೊಂಡರೋ, ಬರಿದೇ ಎಳೆದಾಡಿದರೋ, ಇದನ್ನು ತಿಳಿಯುವ ಬಗೆ ಯಾವುದು? ಪ್ರಶ್ನೆಯೇ ಇಲ್ಲದ ಕಡೆ ಉತ್ತರ ತಿದ್ದುವುದು ಹೇಗೆ? ಈ ಚಿಂತೆ ಯಂತ್ರದ ಜೊತೆಗೆ ಹುಟ್ಟಿದ್ದಲ್ಲ. ನಮ್ಮ ಗಾವಟಿ ಸಾಲೆಗಳಷ್ಟು ಹಳೆಯದು.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಇಲಾಖೆಯ ಕಲೆಕ್ಟರರಿಗೆಲ್ಲ, ನಿಮ್ಮ ಜಿಲ್ಲೆಯಲ್ಲಿ ಸಾಲೆಗಳೆಷ್ಟು, ಕಲಿಯುವವರೆಷ್ಟು ಎಂದು ಕೇಳಿ ಬರೆದನು. ಬಂದ ವರದಿಗಳಲ್ಲಿ ಕನ್ನಡಿಗರು ಓದಲೇಬೇಕಾದದ್ದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ್ದು. ಜಿಲ್ಲೆಯಲ್ಲಿ 533 ಸಾಲೆಗಳು, 6,641 ಹುಡುಗರು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಅಂಕಿಗಳನ್ನು ಬೇರೆ ಕಲೆಕ್ಟರರೂ ಕಳಿಸಿದರು. ಈತ ಸಾಲೆಯೊಳಗೆ ನಡೆಯುವುದನ್ನೂ ಬಣ್ಣಿಸಿದನು.

ಬೆಳಗಿನ ಆರು ಗಂಟೆಗೆ ಸಾಲೆ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಮೆತ್ತನೆಯ ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಏರುತ್ತಿತ್ತು. ಆಮೇಲೆ ಪಾಠ. ಎಳೆಯರು ನೆಲದ ಮೇಲೆ ಉಸುಕು ಹರಡಿ ಬೆರಳಿನಿಂದ ಅಕ್ಷರ ತಿದ್ದಬೇಕು. ಕೈ ಪಳಗಿದವರು ಹಲಗೆಯ ಮೇಲೆ, ಇಲ್ಲವೆ ಕಡತದ ಮೇಲೆ ಬಳಪದಿಂದ ಬರೆಯಬೇಕು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಇದ್ದಿಲು ಬಳಿದು, ಪುಸ್ತಕದಂತೆ ಮಡಿಚಿದ ಬಟ್ಟೆ. ಒದ್ದೆ ಅರಿವೆಯಿಂದ ಒರೆಸಿದರೆ ಮತ್ತೆ ಹೊಸದು. ಮುಂದಿದ್ದವರು ಹಿಂದಿದ್ದವರಿಗೆ ಕಲಿಸುತ್ತಿದ್ದರು. ಈ ಮಿತವ್ಯಯವನ್ನು ಕ್ಯಾಂಬೆಲ್ ಮೆಚ್ಚಿಕೊಂಡನು; ಇಂಗ್ಲೆಂಡು ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದನು. ಅನುಕರಿಸಿದವನು ಆಂಡ್ರೂ ಬೆಲ್. 1789ರಿಂದ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯನ್ನು ನಡೆಸಿದ ಆ ಪಾದ್ರಿ, ದೇಶೀ ಹುಡುಗರು ಉಸುಕಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ತಂದನು. 1797ರಲ್ಲಿ ಲಂಡನ್ನಿನಲ್ಲಿ ಆ ಬಗ್ಗೆ ಪುಸ್ತಕವನ್ನೂ ಅಚ್ಚು ಹಾಕಿಸಿದನು.

ಆದರೆ ಕ್ಯಾಂಬೆಲ್ಲನ ಮೆಚ್ಚುಗೆ ಅಲ್ಲಿಗೇ ನಿಂತಿತು. ಹುಡುಗರು ಹಳೆಯ ಕಾವ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ, ಅರ್ಥ ಬಾರದು, ಎಷ್ಟೋ ಕಡೆ ಕಲಿಸುವವನಿಗೂ ಬಾರದು ಎಂದು ಅವನ ದೂರು. ಮುಂಜಾನೆ ಯಾರು ಮೊದಲು ಬಂದರೆಂಬ ಲೆಕ್ಕ ಅಂಗೈಯ ಮೇಲೆ ಸ್ಪಷ್ಟವಾಗಿತ್ತು; ಸಂಜೆ ಯಾರು ಏನು ತಿಳಿದುಕೊಂಡು ಹೋದರೆಂಬ ಲೆಕ್ಕ ಎಲ್ಲಿಯೂ ಇರಲಿಲ್ಲ.

ಮುಂಬಯಿ ಇಲಾಖೆಯಲ್ಲಿದ್ದ ನಮ್ಮ ಬೆಳಗಾವಿ ಸೀಮೆಗೆ ಮುಂದೆ ಸರಕಾರಿ ಸಾಲೆಗಳು ಬಂದವು, ಇನ್‌ಸ್ಪೆಕ್ಟರ್ ಸಾಹೇಬರು ಬಂದರು, ಮುಲ್ಕಿ ಪರೀಕ್ಷೆ ಬಂದಿತು. ಮುಲ್ಕಿ ಪಾಸಾದ ಅಜ್ಜಂದಿರ ಕೈಬರಹವನ್ನೂ ಮಗ್ಗಿಯನ್ನೂ ಇಂದಿಗೂ ಕೊಂಡಾಡುವವರಿದ್ದಾರೆ, ತಪ್ಪೇನಿಲ್ಲ. ಆದರೆ ನಪಾಸಾದವನು ಎಲ್ಲಿ ಎಡವಿದನೆಂದು ಕೇಳುವ ಪದ್ಧತಿ ಆ ಕಾಲಕ್ಕೂ ಇರಲಿಲ್ಲ.

ತಪ್ಪಿಗೂ ಒಂದು ಒಳದಾರಿಯಿದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದ್ದು 1978ರಲ್ಲಿ, ಅಮೆರಿಕೆಯ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬಿಬ್ಬರು. ಹುಡುಗನೊಬ್ಬ 52ರಲ್ಲಿ 27 ಕಳೆದು 35 ಎಂದು ಬರೆದನೆನ್ನಿ. ನಾವು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತೇವೆ. ಅವನು ಮಾಡಿದ್ದಾದರೂ ಏನು? ಎರಡರಲ್ಲಿ ಏಳು ಹೋಗದು. ಅದಕ್ಕೆ ಏಳರಲ್ಲಿ ಎರಡು ಕಳೆದು ಐದು ಬರೆದ. ಎಲ್ಲಿದ್ದರೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬುದು ಅವನ ನೇಮ. ಇದು ಗೊತ್ತಾದರೆ, 81ರಲ್ಲಿ 46 ಹೋದರೆ ಅವನು 45 ಎನ್ನುವನೆಂದು ಅವನಿಗಿಂತ ಮೊದಲೇ ನಾವು ಹೇಳಬಹುದು. ಇಂಥ ತಪ್ಪು ನೇಮಗಳನ್ನೆಲ್ಲ ಕೂಡಿಹಾಕಿ ಅವರು ‘ಬಗ್ಗಿ’ ಎಂಬ ಕಂಪ್ಯೂಟರ್ ಕ್ರಮವನ್ನು ಕಟ್ಟಿದರು. ನಿಕರಾಗುವಾ ದೇಶದಲ್ಲಿ ರೇಡಿಯೋ ಮೂಲಕ ಗಣಿತ ಕಲಿಯುತ್ತಿದ್ದ ಸುಮಾರು 1300 ಮಕ್ಕಳ ಉತ್ತರಗಳನ್ನು ಅದರಿಂದ ಒರೆದು ನೋಡಿದರು. ವಿದ್ಯಾರ್ಥಿಯ ಮನಸ್ಸಿನ ನಕ್ಷೆ ಬರೆಯುವುದೆಂದರೆ ಇದು.

ಇದನ್ನೋದಿದಾಗ ನನಗೆ ನಾಚಿಕೆಯಾಯಿತು. ‘ಬಾಷೆ’, ‘ದರ್ಮ’, ‘ಗನತೆ’ ಎಂದು ಉತ್ತರಪತ್ರಿಕೆಯ ತುಂಬ ಬರೆದ ಹುಡುಗನಿಗೆ ನಾನು ಇಪ್ಪತ್ತು ಕಡೆ ಕೆಂಪು ಗೀಟು ಹಾಕಿದ್ದೇನೆ. ಅವನ ತಪ್ಪು ಇಪ್ಪತ್ತಲ್ಲ, ಒಂದೇ: ಅವನ ಕಿವಿಗೆ ಮಹಾಪ್ರಾಣ ಕೇಳಿಸದು. ಅದನ್ನು ಅವನಿಗೆ ನಾನು ಹೇಳಲೇ ಇಲ್ಲ.

ಕಳೆಯುವ ಲೆಕ್ಕಕ್ಕೆ ಸರಿಯುತ್ತರ ಒಂದುಂಟು. ತಪ್ಪನ್ನು ಅದರ ಪಕ್ಕ ಇಟ್ಟು ನೋಡಬಹುದು. ತ್ರಿಕೋನ ಎಳೆಯುವ ಹುಡುಗಿಗೆ ಅದೂ ಇಲ್ಲ. ಈ ಬಗೆಯ ಕಲಿಕೆಯ ಮೂಲಪುರುಷರಲ್ಲೊಬ್ಬರು ಸೈಮೂರ್ ಪ್ಯಾಪರ್ಟ್. ಜಿನೀವಾದಲ್ಲಿ ಪಿಯಾಜೆಯವರ ಬಳಿ ಕೆಲಸ ಮಾಡಿ ಅಮೆರಿಕೆಗೆ ಬಂದವರು. 1967ರಲ್ಲಿ ವಾಲಿ ಫ್ಯೂರ್‌ಝೈಗ್, ಸಿಂಥಿಯಾ ಸೊಲೊಮನ್ ಮುಂತಾದವರ ಜೊತೆ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆಯನ್ನು ಮಕ್ಕಳಿಗಾಗಿ ಕಟ್ಟಿದರು. ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಎಂದರೆ ಒಂದು ಆಮೆ ನಡೆದು ಚಿತ್ರ ಬರೆಯುತ್ತದೆ. ಆಮೆಯನ್ನು ನಡೆಸುತ್ತ ಮಗು ರೇಖಾಗಣಿತವನ್ನು ತಾನೇ ಕಾಣುತ್ತದೆ ಎಂಬುದು ಅವರ ನಂಬಿಗೆ. 1984ರಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಕರ್‌ಲ್ಯಾಂಡ್ ಪರೀಕ್ಷಿಸಿ, ವರ್ಷವೆಲ್ಲ ಆಮೆ ನಡೆಸಿದ ಮಕ್ಕಳಿಗೆ ಯೋಜಿಸುವ ಬುದ್ಧಿ ಹೆಚ್ಚಿದ್ದು ಕಾಣಲಿಲ್ಲ ಎಂದರು. ಪ್ಯಾಪರ್ಟ್ ಸಿಟ್ಟಾದರು: ಯಂತ್ರವನ್ನಷ್ಟೇ ಬೇರ್ಪಡಿಸಿ ಅಳೆಯಬೇಡಿ, ಅದರ ಸುತ್ತಲಿನ ಬಾಳುವೆಯನ್ನು ನೋಡಿ ಎಂದರು. ನನಗೆ ಎರಡೂ ಪಕ್ಷ ನಿಜವೆನಿಸುತ್ತದೆ.

ಎಳೆದಾಟವನ್ನೇ ಓದಲು ಕುಳಿತವರು ಕೆನಡಾದ ವ್ಯಾಂಕೂವರಿನಲ್ಲಿ ಕ್ರಿಸ್ಟೀನಾ ಕೊನಾಟಿ ಮತ್ತು ಅವರ ಶಿಷ್ಯರು. ಈ ಶತಮಾನದ ಮೊದಲ ದಶಕದಲ್ಲಿ. ಗಣಿತದ ನಕ್ಷೆಗಳನ್ನು ಎಳೆದಾಡಿ ಕಲಿಯುವ ಒಂದು ಸಲಕರಣೆಯನ್ನು ಅವರು ಕಟ್ಟಿದರು. ಮೊದಲು, ವಿದ್ಯಾರ್ಥಿ ಎಷ್ಟು ಬಗೆ ಎಳೆದನೆಂದು ಎಣಿಸಿದರು. ಲೆಕ್ಕ ತಪ್ಪಿತು: ಬಹಳ ಎಳೆದವರನ್ನೆಲ್ಲ ಯಂತ್ರ ಬಹಳ ಕಲಿತವರೆಂದು ಬಗೆಯುತ್ತಿತ್ತು. ಅನಂತರ, ಎಳೆದ ಮೇಲೆ ಎಷ್ಟು ಹೊತ್ತು ನಿಂತನೆಂದು ನೋಡಿದರು. ಅದಕ್ಕೂ ಮುಂದೆ ಹೋಗಿ, ನಿಂತಾಗ ಕಣ್ಣು ನಕ್ಷೆಯಿಂದ ಸಮೀಕರಣಕ್ಕೆ ಹೊರಳಿತೋ ಇಲ್ಲವೋ ಎಂದು ಕಣ್ಣಿನ ಚಲನೆ ಅಳೆಯುವ ಸಾಧನದಿಂದ ಹಿಡಿದರು. 2007ರಲ್ಲಿ ಪ್ರಕಟವಾದ ಅವರ ವರದಿಯಂತೆ, ಹೊತ್ತಿನ ಜೊತೆ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಯಂತ್ರದ ಊಹೆ ಹೆಚ್ಚು ಸರಿಹೋಯಿತು.

ನಮ್ಮಲ್ಲಿ ಇದೇ ಲೆಕ್ಕವನ್ನು ಇಡಲು ಹೊರಟದ್ದು ಯಂತ್ರವಲ್ಲ, ರಟ್ಟಿನ ಚೀಟಿಗಳು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಇಡೀ ವರ್ಗ ಒಂದೇ ಪುಟ ಓದುವುದಿಲ್ಲ. ಪ್ರತಿ ಮಗು ಏಣಿಯ ತನ್ನ ತನ್ನ ಮೆಟ್ಟಿಲಲ್ಲಿರುತ್ತದೆ, ಯಾರು ಎಲ್ಲಿದ್ದಾರೆಂದು ಗೋಡೆಯ ಮೇಲಿನ ಪ್ರಗತಿನೋಟ ಹೇಳುತ್ತದೆ. 2009ರ ಸುಮಾರಿಗೆ ಅದು ರಾಜ್ಯದ ಸರಕಾರಿ ಸಾಲೆಗಳಿಗೆಲ್ಲ ಹಬ್ಬಿತು. ನಡುವೆ, 2001ರಿಂದ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕನ್ನಡದಲ್ಲಿ ಸಿ.ಡಿ.ಗಳನ್ನು ಮಾಡಿಸಿ ಹಳ್ಳಿಯ ಸಾಲೆಗಳ ಕಂಪ್ಯೂಟರ್ ಕೇಂದ್ರಗಳಿಗೆ ಕೊಟ್ಟಿತ್ತು. ಕೆಲವು ವರ್ಷಗಳ ಅನುಭವದ ಮೇಲೆ, 2010ರಲ್ಲಿ, ಅದೇ ಸಂಸ್ಥೆಯ ಅನುರಾಗ್ ಬೆಹರ್, ಯಂತ್ರದ ಮೋಹ ನಿಜವಾದ ಕೆಲಸದಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ ಎಂಬ ಅರ್ಥದಲ್ಲಿ ಪತ್ರಿಕೆಯೊಂದರಲ್ಲಿ ಬರೆದರು. ಸ್ವಂತ ಕೆಲಸದ ಬಗ್ಗೆ ಇಷ್ಟು ಬಿಚ್ಚುಮನಸ್ಸಿನ ಮಾತು ನಮ್ಮಲ್ಲಿ ಅಪರೂಪ.

ಇಷ್ಟೆಲ್ಲ ಓದಿಕೊಂಡ ಮೇಲೆ ನಾಗನೂರಿನ ಹುಡುಗಿಯ ಆ ಮೌನ ನನಗೆ ಬಹು ಬೆಲೆಯುಳ್ಳದ್ದಾಗಿ ಕಂಡಿತು. ವ್ಯಾಂಕೂವರಿನವರು ಸಾಧನ ಕಟ್ಟಿ ಹಿಡಿದದ್ದನ್ನು ನಾನು ಪಡಸಾಲೆಯಲ್ಲಿ ಬರಿಗಣ್ಣಿನಿಂದ ಕಂಡೆನಲ್ಲ ಎಂಬ ಹೆಮ್ಮೆಯೂ ಆಯಿತೆನ್ನಿ. ದೀಪಾವಳಿಗೆ ಹೋದಾಗ ಕೇಳಿಯೇ ಬಿಟ್ಟೆ: “ಅವತ್ತ ನೂರಾ ಎಂಬತ್ತ ಅಂದಾಕಿ ಗಪ್ಪನ ಕುಂತಿದ್ದೆಲ್ಲವಾ, ಏನ ವಿಚಾರ ಮಾಡಾಕತ್ತಿದ್ದಿ?”

ಹುಡುಗಿ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

“ಏನಿಲ್ರಿ ಮಾಮಾ, ಚಾರ್ಜ್ ಎಷ್ಟ ಉಳದೈತಿ ಅಂತ ನೋಡಿದ್ನಿ. ಅದು ಮುಗಿಯೂದ್ರಾಗ ಮೂಲೀನ ಪೂರಾ ಕೆಳಗ ತಂದ್ರ ಏನಾಕೈತಿ ಅಂತ ನೋಡಬೇಕಾಗಿತ್ತು.”